ದೇವರಾಯನದುರ್ಗದಿಂದ ಮಧುಗಿರಿಗೆ, ಟಾರ್ ರೋಡ್ ಬಿಟ್ಟು

ತುಮಕೂರಿಂದ ಮಧುಗಿರಿಗೆ ಬಸ್ಸಲ್ಲಿ ಕೂತ್ರೆ 40 ಚಿಲ್ಲರೆ ಕಿಲೋಮೀಟ್ರು, ಒಂದ್ ಕೋಳಿನಿದ್ದೆ ತೆಗ್ದು ಕಣ್ಬಿಡೋಷ್ಟ್ರಲ್ಲಿ ಕೊರಟಗೆರೆ ದಾಟಿರುತ್ತೆ. ಅದೇ ಊರಿಗೆ ದೇವರಾಯನದುರ್ಗದ ಮೇಲಿಂದ ಇಳ್ದು, ತೀತಾ ಡ್ಯಾಮು, ಗೊರವನಹಳ್ಳಿ, ಸಿದ್ದರಬೆಟ್ಟ, ಚನ್ನರಾಯನದುರ್ಗ ಅಂತ ಸುತ್ತಾಕ್ಕೊಂಡು, ಆದಷ್ಟೂ ಟಾರ್ ಮುಟ್ದಂಗೆ ಬಂಡಿ ಜಾಡು, ಕುರಿ ದಾರಿ, ಕೆರೆ ಏರಿ ಮೇಲೇ ಸೈಕಲ್ ತುಳ್ಕೊಂಡು ಹೋಗೋದು ಅಂತ ಪ್ಲಾನ್ ಹಾಕ್ದೋರು ಮೇಷ್ಟ್ರು. ಭೂಗೋಳದ ಮೇಷ್ಟ್ರು, ಮಧುಗಿರಿಯೋರು, ರಿಟೈರ್ ಆದ್ಮೇಲೆ ಮನೇಲಿ ಕೂರಕ್ಕಾಗ್ದೆ ನಮ್ಮಂಥೋರ್ನ ಎಳ್ಕೊಂಡ್ ಸುತ್ತುತಾರೆ. ಅವ್ರತ್ರ ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್ ಇದೆ, 1:50,000 ಸ್ಕೇಲಿಂದು, ಅಂದ್ರೆ ಮ್ಯಾಪಲ್ಲಿ ಎರಡು ಸೆಂಟಿಮೀಟ್ರು ನೆಲದ ಮೇಲೆ ಒಂದು ಕಿಲೋಮೀಟ್ರು. ಮಡಚಿ ಮಡಚಿ ಮಡಿಕೇಲೇ ಹರಿದೋಗಿರೋ ಆ ಹಾಳೇಲಿ ಬಂಡಿ ಜಾಡು, ಕಾಲುದಾರಿ ಎಲ್ಲಾ ತುಂಡು ತುಂಡು ಗೆರೇಲಿ ಇವೆ. ಮೇಷ್ಟ್ರ ವಾದ ಏನು ಅಂದ್ರೆ ಆ ಗೆರೆಗಳೆಲ್ಲಾ ಈಗ್ಲೂ ನೆಲದ ಮೇಲಿವೆ, ನಾವ್ ಹೋಗ್ತಿಲ್ಲ ಅಷ್ಟೆ. ನಾನು ಹೇಳೋದು, ಯಾರೂ ಹೋಗ್ದಿದ್ರೆ ಅದು ದಾರಿನೇ ಅಲ್ಲ ಸಾರ್, ಗೆರೆ ಮಾತ್ರ. ದಾರಿಯುದ್ದಕ್ಕೂ ಇದೇ ಜಗಳ.

ಜೊತೆಗೆ ನನ್ ಭಾಮೈದ. ಬೆಂಗ್ಳೂರಲ್ಲಿ ಸಾಫ್ಟ್‌ವೇರು, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರೋ ಸೈಕಲ್ಲು, ಅದರ ರೇಟು ಅವರಕ್ಕನಿಗೆ ಇವತ್ತಿಗೂ ಸರಿಯಾಗ್ ಹೇಳಿಲ್ಲ. ನಂದು ಹಾರ್ಡ್‌ಟೇಲು, ಮುಂದೆ ಮಾತ್ರ 120 ಎಂಎಂ ಸಸ್ಪೆನ್ಷನ್ ಫೋರ್ಕು, 29 ಇಂಚಿನ ಚಕ್ರ, ಟ್ಯೂಬ್‌ಲೆಸ್ ಟೈರು. ಮೇಷ್ಟ್ರದು ಸಸ್ಪೆನ್ಷನ್ನೇ ಇಲ್ದಿರೋ 26 ಇಂಚಿನ ಸ್ಟೀಲ್ ಫ್ರೇಮು, ಟ್ಯೂಬ್ ಟೈರು, ರಿಮ್ ಬ್ರೇಕು, ಕ್ಯಾರಿಯರ್‌ಗೆ ಹಳೇ ಟ್ಯೂಬಲ್ಲಿ ಬಿಗಿದಿರೋ ಒಂದು ಮಚ್ಚು. ಮಚ್ಚು ಯಾಕೆ ಸಾರ್ ಅಂತ ಭಾಮೈದ ಕೇಳ್ದ. "ಬಾರಪ್ಪ, ಗೊತ್ತಾಗುತ್ತೆ" ಅಂದ್ರು.

ಮೊದಲ್ನೇ ದಿನ

ಕಾರ್ತೀಕ ಮುಗೀತಾ ಬಂದಿತ್ತು, ಬೆಳಗ್ಗೆ ಕೈ ಬೆರಳು ಮರಗಟ್ಟೋಷ್ಟು ಚಳಿ. ಬೆಳಗುಂಬ ದಾಟಿ ನಾಮದ ಚಿಲುಮೆ ಹೊತ್ಗೆ ಮೈ ಬಿಸಿ ಆಯ್ತು. ಬಂಡೆ ಸಂದೀಲಿ ನೀರು ಹಂಗೇ ಬರ್ತಾನೇ ಇರುತ್ತಲ್ಲ, ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರಿಲ್ದೆ ಬಾಣ ಹೊಡೆದ ಜಾಗ ಅಂತ ಕಥೆ. ಪಕ್ಷಿತಜ್ಞ ಸಲೀಂ ಅಲಿಯವ್ರು ಇಲ್ಲಿನ ಗೆಸ್ಟ್‌ಹೌಸಲ್ಲಿ ಉಳ್ಕೊಂಡಿದ್ರು ಅಂತ ಮೇಷ್ಟ್ರು ತೋರ್ಸಿದ್ರು. ಭಾನುವಾರ ಆಗಿದ್ರೆ ಇಲ್ಲಿ ಕಾಲಿಡಕ್ಕೆ ಜಾಗ ಇರಲ್ಲ, ವಾರದ್ ದಿನ ನೋಡಿ, ಕೋತಿ ಮತ್ತು ನಾವು.

ಇಲ್ಲೊಂದು ಮಾತು ಹೇಳ್ಬಿಡ್ತೀನಿ. ದುರ್ಗದ ಕಾಡೊಳಗೆ ಚೆಂದದ ದಾರಿಗಳಿವೆ, ನೋಡಿದ್ರೆ ಚಕ್ರ ತಾನೇ ಆ ಕಡೆ ತಿರುಗುತ್ತೆ, ಆದ್ರೆ ಅದು ಮೀಸಲು ಅರಣ್ಯ, ಇಲಾಖೆ ಅನುಮತಿ ಇಲ್ದೆ ಟಾರ್ ಬಿಟ್ಟು ಒಳಗೆ ಹೋಗಂಗಿಲ್ಲ. ಅನುಮತಿ ಮಾತು ಬಿಡಿ, ಚಿರತೆ ಕರಡಿ ಇರೋ ಕಾಡು ಇದು, ಸದ್ದಿಲ್ದೆ ಸ್ಪೀಡಾಗಿ ತಿರುವಲ್ಲಿ ಬರೋ ಸೈಕಲ್ಲನ್ನ ಕರಡಿ ಏನಂತ ತಿಳ್ಕೊಳುತ್ತೆ ಅಂತ ಯೋಚ್ನೆ ಮಾಡಿದ್ರೆ ಸಾಕು. ಹಂಗಾಗಿ ನಮ್ಮ ರೂಲ್ಸು ಇಷ್ಟೆ, ಕಾಡಿರೋಷ್ಟು ದೂರ ಟಾರು, ಕಾಡು ಮುಗಿದ್ಮೇಲೆ ಬಂಡಿ ಜಾಡು, ಕತ್ಲಾಗೋಕೆ ಮುಂಚೆ ಯಾವ್ದಾದ್ರೂ ಮನೆ.

ದುರ್ಗ ಸಮುದ್ರಮಟ್ಟದಿಂದ 3900 ಅಡಿ ಮೇಲಿದೆ, ತುಮಕೂರಿಂದ ಲೆಕ್ಕ ಹಾಕಿದ್ರೆ ಸಾವಿರ ಅಡಿಗೂ ಜಾಸ್ತಿ ಏರು, ಹತ್ತೋದ್ರ ಬಗ್ಗೆ ಏನ್ ಬರೆಯೋದು, ಹತ್ತಿದ್ವಿ. ಭೋಗ ನರಸಿಂಹನ ಗುಡಿ ಹತ್ರ ಒಂದು ಕೋತಿ ಭಾಮೈದನ ಎನರ್ಜಿ ಬಾರ್ ಕಿತ್ಕೊಂಡು ಕವರ್ ಬಿಚ್ಚಿ ಮೂಸಿ ನೋಡಿ ವಾಪಸ್ ಬಿಸಾಕ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಈ ಕೋಟೆ ಗೆಲ್ಲೋಕೆ ಮುಂಚೆ ಇದನ್ನ ಜಡಕನದುರ್ಗ ಅಂತಿದ್ರು, ಜಯಮಂಗಲಿ ಹೊಳೆ ಹುಟ್ಟೋದೂ ಇಲ್ಲೇ, ಅದು ಉತ್ತರಕ್ಕೆ ಹರ್ಕೊಂಡು ಹೋಗಿ ಆಂಧ್ರದಲ್ಲಿ ಪಿನಾಕಿನಿ ಸೇರುತ್ತೆ. "ನಾವೂ ಹೊಳೆ ಜೊತೇಲೇ ಉತ್ತರಕ್ಕೆ ಇಳಿಯೋಣ" ಅಂದ್ರು ಮೇಷ್ಟ್ರು, ಕೇಳಕ್ಕೆ ಚೆನ್ನಾಗಿತ್ತು.

ಇಳಿಯುವಾಗ ಟಾರ್ ಮೇಲೇ ಮೇಷ್ಟ್ರ ಬ್ರೇಕ್ ರಬ್ಬರ್ ಸುಟ್ಟ ವಾಸನೆ. ನಿಂತು ರಿಮ್ ಆರಕ್ಕೆ ಬಿಟ್ವಿ. ಈ ಮೌಂಟನ್ ಬೈಕಿಂಗ್ ಅನ್ನೋದೇ ಸುಟ್ಟ ಬ್ರೇಕಿಂದ ಶುರುವಾಗಿದ್ದು ಅಂತ ಭಾಮೈದ ಶುರು ಹಚ್ಕೊಂಡ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟೀಲಿ ಹುಡುಗ್ರು ಹಳೇ ದಪ್ಪ ಟೈರಿನ ಸೈಕಲ್ ತಗೊಂಡು ಬೆಟ್ಟದ ಮಣ್ ರೋಡಲ್ಲಿ ಬಿಡೋರಂತೆ, ಪೆಡ್ಲು ಹಿಂದಕ್ಕೆ ತುಳಿದ್ರೆ ಹಿಡ್ಯೋ ಬ್ರೇಕು, ಕೆಳಗ್ ಬರೋಷ್ಟ್ರಲ್ಲಿ ಚಕ್ರದ ನಡುವಿನ ಹಬ್ ಒಳಗಿನ ಗ್ರೀಸೆಲ್ಲ ಹೊಗೆ ಆಗಿರೋದು, ಪ್ರತಿ ಸಲ ಬಿಚ್ಚಿ ಗ್ರೀಸ್ ತುಂಬ್ಬೇಕು, ಅದಕ್ಕೇ ಆ ಇಳಿಜಾರಿಗೆ ರೀಪ್ಯಾಕ್ ಅನ್ನೋರು, 1976ರಲ್ಲಿ ಅಲ್ಲಿ ರೇಸೂ ಶುರುವಾಯ್ತು. ಮೇಷ್ಟ್ರು ಕೇಳಿಸ್ಕೊಂಡು ರಿಮ್ ಮುಟ್ಟಿ ನೋಡಿ "ಆರಿದೆ, ನಡೀರಿ" ಅಂದ್ರು.

ಕಾಡು ಮುಗಿದು ಹೊಲ ಶುರುವಾಗೋ ಕಡೆ ಟೋಪೋಶೀಟಿನ ಮೊದಲ್ನೇ ಗೆರೆ. ಎರಡು ಕಡೆ ಕತ್ತಾಳೆ ಬೇಲಿ, ನಡುವೆ ಒಂದು ಕಾಲದಲ್ಲಿ ಎತ್ತಿನ ಬಂಡಿ ಹೋಗ್ತಿದ್ದ ಜಾಡು. ಈಗ ಅದು ಕೊರಕಲು. ಬಂಡಿ ಚಕ್ರ ತುಳಿದು ತುಳಿದು ದಾರಿ ಅಕ್ಕಪಕ್ಕದ ಹೊಲಕ್ಕಿಂತ ತಗ್ಗಾಗಿದೆ, ಬಂಡಿ ಓಡಾಡೋವಾಗ ಊರೋರು ವರ್ಷಕ್ಕೊಂದ್ಸಲ ಕಲ್ಲು ಗರಸು ತುಂಬಿ ನೀರು ಪಕ್ಕಕ್ಕೆ ಕಡಿದು ಬಿಡೋರು, ಬಂಡಿ ನಿಂತ್ಮೇಲೆ ಅದೂ ನಿಂತೋಯ್ತು, ಮಳೆ ನೀರಿಗೆ ಇಳಿಯಕ್ಕೆ ಇದಕ್ಕಿಂತ ಸಲೀಸಾದ ಜಾಗ ಇಲ್ಲ. ಒಂದೊಂದು ಕಡೆ ಸೊಂಟದಾಳ. ಟ್ರೈಲ್, ಅಂದ್ರೆ ಬೆಟ್ಟದ ಮಣ್ ದಾರಿ ಕಟ್ಟೋರು ಒಂದು ಲೆಕ್ಕ ಹೇಳ್ತಾರೆ, ದಾರಿಯ ಏರು ಅದು ಹಾದು ಹೋಗೋ ಇಳಿಜಾರಿನ ಏರಿನ ಅರ್ಧ ಮೀರ್ಬಾರ್ದು ಅಂತ, ಮೀರಿದ್ರೆ ನೀರು ಅಡ್ಡ ದಾಟಿ ಹೋಗಲ್ಲ, ದಾರೀನೇ ಹಿಡ್ಕೊಂಡು ಇಳಿಯುತ್ತೆ, ಮಣ್ಣೂ ಜೊತೇಲಿ ಹೋಗುತ್ತೆ. ಇಲ್ಲಿ ಬಂಡಿಯೋರು ಊರಿಂದ ಊರಿಗೆ ನೆಟ್ಟಗೆ ಹೋಗಿದ್ರು, ಅವ್ರಿಗೆ ಎತ್ತಿತ್ತು.

ಕೊರಕಲಲ್ಲಿ ಸೈಕಲ್ ಬಿಡೋದು ಹೆಂಗೆ ಅಂದ್ರೆ ಒಂದೋ ತಳಕ್ಕೆ ಇಳ್ದು ತಳದಲ್ಲೇ ಇರ್ಬೇಕು, ಇಲ್ಲಾ ನಡುವೆ ಉಳಿದಿರೋ ದಿಂಡಿನ ಮೇಲೇ ಇರ್ಬೇಕು. ಅರ್ಧ ದಾರೀಲಿ ಮನಸ್ಸು ಬದ್ಲಾಯಿಸಿದ್ರೆ ಮುಂದಿನ ಚಕ್ರ ಗೋಡೆಗೆ ಒರಸ್ಕೊಂಡು ಮಗುಚುತ್ತೆ. ಎರಡು ಪೆಡ್ಲೂ ಒಂದೇ ಮಟ್ಟ, ಸೊಂಟ ಹಿಂದೆ, ಕಣ್ಣು ಚಕ್ರದ ಮೇಲಲ್ಲ, ಹತ್ತಡಿ ಮುಂದೆ. ಭಾಮೈದ ದಿಂಡಿನ ಮೇಲೆ ಹೋದ, ಅವನ ಸೈಕಲ್ ಕಲ್ಲನ್ನ ನುಂಗ್ಕೊಂಡು ಹೋಗೋದ್ ನೋಡಿ ನಂಗೂ ಆ ರೇಟು ಅಷ್ಟೇನ್ ಜಾಸ್ತಿ ಅಲ್ವೇನೋ ಅನ್ನಿಸ್ತು. ನಾನು ತಳದಲ್ಲಿ ಬೆಣಚುಕಲ್ಲಿನ ಮೇಲೆ ಹಲ್ಲು ಕಟಕಟ ಅನ್ಕೊಂಡು. ಮೇಷ್ಟ್ರು ಇಳ್ದು ನಡ್ಕೊಂಡು ಬಂದ್ರು. ಇಳ್ದು ತಳ್ಳೋಕೆ ನಾಚ್ಕೆ ಪಡೋರು ಈ ಕಡೆ ಬರ್ಬೇಡಿ, ಅರ್ಧಕ್ಕರ್ಧ ತಳ್ಳೋದೇ, ಕೆಲವು ಕಡೆ ಹೊರೋದು.

ಕೊರಕಲು ಮುಗಿದು ಕಡ್ಲೆಕಾಯಿ ಕಿತ್ತಿರೋ ಹೊಲದ ಬದು ಸಿಕ್ತು, ಆಹಾ ಅಂತ ತುಳಿಯೋಷ್ಟ್ರಲ್ಲಿ ಮೇಷ್ಟ್ರ ಹಿಂದಿನ ಟೈರು ಪುಸ್. ನೆಗ್ಗಿಲು ಮುಳ್ಳು. ನೆಲಕ್ಕೆ ಅಂಟ್ಕೊಂಡು ಹಳದಿ ಹೂ ಬಿಡೋ ಬಳ್ಳಿ, ಕಾಯಿ ಹೆಂಗ್ ಬಿದ್ರೂ ಒಂದು ಮುಳ್ಳು ಆಕಾಶ ನೋಡ್ತಾನೇ ಇರುತ್ತೆ. ನಮ್ಮ ಟೈರಿಗೂ ಚುಚ್ಚಿದ್ವು, ಆದ್ರೆ ಒಳಗಿನ ಸೀಲೆಂಟ್ ಹಾಲು ಗಾಳಿ ತಾಕಿದ ತಕ್ಷಣ ಗಟ್ಟಿ ಆಗಿ ತೂತು ಮುಚ್ಚುತ್ತೆ, ಮುಳ್ಳು ಕೀಳ್ದೆ ಹಂಗೇ ಬಿಟ್ರೆ ಇನ್ನೂ ಒಳ್ಳೇದು. ಮೇಷ್ಟ್ರು ಮಾತ್ರ ಹುಣಸೆ ಮರದ ನೆರಳಲ್ಲಿ ಕೂತು ಟ್ಯೂಬ್ ಬಿಚ್ಚಿ, ಪಕ್ಕದ ಹೊಲದೋರ ಬಿಂದಿಗೇಲಿ ಮುಳುಗ್ಸಿ ಗುಳ್ಳೆ ನೋಡಿ, ಪ್ಯಾಚ್ ಹಾಕಿ ಎದ್ರು. ಸ್ವಲ್ಪ ದೂರ ಹೋದ್ಮೇಲೆ ಮತ್ತೆ ಪುಸ್. ಮತ್ತೆ. ಟ್ಯೂಬ್‌ಲೆಸ್ ಹಾಕ್ಸಿ ಸಾರ್ ಅಂದ್ರೆ "ಪ್ಯಾಚ್ ಹಾಕೋ ನೆಪದಲ್ಲಿ ಕೂರ್ಬೋದಲ್ಲಪ್ಪ" ಅಂತಾರೆ.

ರಾತ್ರಿ ಮೇಷ್ಟ್ರ ನೆಂಟ್ರ ತೋಟದ ಮನೆ. ಮುದ್ದೆ, ಸೊಗಡವರೆ ಸಾರು. ಊಟ ಆದ್ಮೇಲೆ ಮೇಷ್ಟ್ರು ಟೋಪೋಶೀಟ್ ಹರಡ್ಕೊಂಡು ಕೊರಕಲಿನ ಗೆರೆ ಪಕ್ಕ ಪೆನ್ಸಿಲಲ್ಲಿ ರೈಟ್ ಹಾಕಿದ್ರು. ದಾರಿ ಇದೆ ಅಂತ. ಇದ್ಯಾವ ಸೀಮೆ ದಾರಿ ಸಾರ್ ಅಂದೆ. ಮಲಗಿದ್ವಿ.

ಎರಡನೇ ದಿನ

ಬೆಳಗ್ಗೆ ಹುಚ್ಚೆಳ್ಳು ಹೂವಿನ ಹೊಲಗಳ ನಡುವೆ ಒಂದಷ್ಟು ದೂರ, ಏರಿಳಿತ ಇಲ್ದೆ, ತಣ್ಣಗೆ, ಜೇನು ಗುಂಯ್ ಅಂತಿರೋ ಕಡೆ ಹೋದ್ವಿ, ಇಡೀ ಟ್ರಿಪ್ಪಲ್ಲಿ ಫೋಟೋ ತೆಗ್ಯೋಕೆ ಪುರುಸೊತ್ತು ಸಿಕ್ಕಿದ್ದು ಅಲ್ಲೇ. ಆಮೇಲೆ ಎರಡನೇ ಗೆರೆ. ಎರಡು ಗುಡ್ಡದ ನಡುವಿನ ಕಣಿವೆ ದಾಟಿ ತೀತಾ ಕಡೆ ಇಳಿಯೋ ಜಾಡು ಅಂತ ಶೀಟ್ ಹೇಳುತ್ತೆ. ಹಳ್ಳಿ ಹುಡುಗ ಒಬ್ಬ ಬೈಕ್ ನಿಲ್ಸಿ, "ಅಣ್ಣೋ ಅಲ್ಲಿ ದಾರಿ ಇಲ್ಲ, ಟಾರ್ ರೋಡಲ್ಲಿ ಓಗ್ರಿ" ಅಂದ. ಅವನ ಅಪ್ಪ ಜಗುಲಿ ಮೇಲಿಂದ "ಐತೆ ಕಣ್ಲಾ, ನಾವ್ ಓಗ್ತಿರ್ಲಿಲ್ವಾ" ಅಂದ. ಮೇಷ್ಟ್ರು ನನ್ ಮುಖ ನೋಡಿದ್ರು.

ದಾರಿ ಇತ್ತು, ಲಂಟಾನ ಒಳಗೆ. ಅಮೆರಿಕಾ ಖಂಡದ ಗಿಡ ಇದು, ಬ್ರಿಟಿಷರು ತೋಟದ ಚೆಂದಕ್ಕೆ ಅಂತ ತಂದು ನೆಟ್ಟಿದ್ದು, ದನ ಕುರಿಗೆ ಎಲೆ ವಿಷ, ಹಂಗಾಗಿ ಯಾವ್ದೂ ಬಾಯಿ ಹಾಕಲ್ಲ, ಹಣ್ಣು ತಿಂದ ಹಕ್ಕಿ ಬೀಜ ಎಲ್ಲಾ ಕಡೆ ಹಾಕುತ್ತೆ, ಮನುಷ್ಯ ಓಡಾಡೋದು ನಿಲ್ಸಿದ್ ಮಾರನೇ ಮಳೆಗಾಲಕ್ಕೆ ಇದು ಬಂದಿರುತ್ತೆ. ಎರಡಾಳು ಎತ್ತರ, ಒಳಗೆ ಬಗ್ಗಿ ನಡೆಯೋಷ್ಟು ಗವಿ. ಹ್ಯಾಂಡಲ್‌ಬಾರ್ ಅಗಲ ಜಾಸ್ತಿ ಇರೋದು ಹಿಡ್ತಕ್ಕೆ ಒಳ್ಳೇದು ಅಂತ ಕಂಪನಿಯೋರು ಹೇಳ್ತಾರಲ್ಲ, ಅವ್ರನ್ನ ಕರ್ಕೊಂಡ್ ಬಂದು ಇಲ್ಲಿ ಬಿಡ್ಬೇಕು. ಮೇಷ್ಟ್ರು ಮಚ್ಚು ಬಿಚ್ಚಿ ಮುಂದೆ, ಭಾಮೈದ ಕಡಿದ ಕೊಂಬೆ ಪಕ್ಕಕ್ಕೆ ಎಳ್ಕೊಂಡು ನಡುವೆ, ನಾನು ಸೈಕಲ್ಲುಗಳ್ನ ಒಂದೊಂದಾಗಿ ದಾಟಿಸ್ಕೊಂಡು ಹಿಂದೆ. ನಡ್ನಡುವೆ ಕಾರೆ ಮುಳ್ಳು, ಬಾರೆ ಮುಳ್ಳು, ಬಳ್ಳಾರಿ ಜಾಲಿ. ಜಾಲಿ ಮುಳ್ಳು ಬೆರಳುದ್ದ, ಅದಕ್ಕೆ ಸೀಲೆಂಟೂ ಇಲ್ಲ ಗೀಲೆಂಟೂ ಇಲ್ಲ, ಭಾಮೈದನ ಟೈರಿಂದ ಹಾಲು ಚಿಮ್ಮಿ ಅವನ ಅಂಗಿ ಎಲ್ಲಾ ಬೆಳ್ಳಗಾಯ್ತು, ರಬ್ಬರ್ ಬತ್ತಿ ತೂರಿಸಿ ಬಿಗಿ ಮಾಡ್ಬೇಕಾಯ್ತು. ಜೋಬಲ್ಲಿ ಬತ್ತಿ ಇಲ್ದೆ ಟ್ಯೂಬ್‌ಲೆಸ್ ನಂಬ್ಕೊಂಡ್ ಬರೋರು ಹುಷಾರು.

ಗವಿಯಿಂದ ಹೊರಗೆ ಬಂದು ಸ್ವಲ್ಪ ಬಯಲು ಸಿಕ್ಕಿ ಖುಷೀಲಿ ತುಳೀತಿದ್ನಾ, ಒಣಗಿದ ಲಂಟಾನ ಕಡ್ಡಿ ಒಂದು ಎದ್ದು ಹಿಂದಿನ ಚಕ್ರದೊಳಗೆ ಹೋಯ್ತು, ಟಕ್ ಅಂತ ಒಂದೇ ಸದ್ದು, ಪೆಡ್ಲು ಲಾಕ್. ನೋಡಿದ್ರೆ ಗೇರ್ ಬದ್ಲಾಯಿಸೋ ಡಿರೈಲರ್ ಚಕ್ರದ ಮೇಲೆ ಮುಖ ಮಾಡ್ಕೊಂಡು ನೇತಾಡ್ತಿದೆ. ಹ್ಯಾಂಗರ್ ಮುರಿದಿತ್ತು. ಡಿರೈಲರನ್ನ ಫ್ರೇಮಿಗೆ ಹಿಡಿದಿರೋ ಚಿಕ್ಕ ಅಲ್ಯೂಮಿನಿಯಂ ತುಂಡು ಅದು, ಬೇಕಂತ್ಲೇ ಮೆದು ಇಟ್ಟಿರ್ತಾರೆ, ಏಟು ಬಿದ್ರೆ ಅದು ಹೋಗ್ಲಿ ಫ್ರೇಮ್ ಉಳೀಲಿ ಅಂತ. ಹೆಚ್ಚಾಗಿ ಒಂದೊಂದು ಸೈಕಲ್ಲಿಗೆ ಒಂದೊಂದು ಥರದ್ದು, ನಮ್ಮಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ಆಗಲ್ಲ. ಕೊರಟಗೆರೇಲೂ ಸಿಗಲ್ಲ, ಮಧುಗಿರೀಲೂ ಸಿಗಲ್ಲ.

ಡಿರೈಲರ್ ಬಿಚ್ಚಿ ಚೀಲಕ್ಕೆ ಹಾಕಿ, ಚೈನ್ ಟೂಲಲ್ಲಿ ಚೈನ್ ಕತ್ತರಿಸಿ ಗಿಡ್ಡ ಮಾಡಿ, ಮುಂದಿನ ಹಲ್ಲಿನ ಚಕ್ರಕ್ಕೂ ಹಿಂದೆ ನಡುವಿನ ಒಂದಕ್ಕೂ ನೆಟ್ಟಗೆ ಬರಂಗೆ ಕೂರ್ಸಿ, ಎರಡು ತುದಿ ಸೇರ್ಸೋ ಕ್ವಿಕ್‌ಲಿಂಕ್ ಹಾಕಿದೆ. ಒಂದೇ ಗೇರಿನ ಸೈಕಲ್ಲು ರೆಡಿ. ಹೇಳಕ್ಕೆ ಸುಲಭ, ಆದ್ರೆ ಈಗಿನ ಕ್ಯಾಸೆಟ್ಟಿನ, ಅಂದ್ರೆ ಹಿಂದಿನ ಹಲ್ಲಿನ ಚಕ್ರಗಳ ಗೊಂಚಲಿನ ಹಲ್ಲುಗಳು ಚೈನು ಸಲೀಸಾಗಿ ಪಕ್ಕದ್ದಕ್ಕೆ ಜಿಗೀಲಿ ಅಂತ್ಲೇ ಕಡಿದಿರೋದು, ಜೋರಾಗಿ ತುಳಿದ್ರೆ ಚೈನ್ ತಾನಾಗೇ ದೊಡ್ಡ ಹಲ್ಲಿಗೆ ಹತ್ತಕ್ಕೆ ನೋಡುತ್ತೆ, ಉದ್ದ ಸಾಲಲ್ಲ, ತಂತಿ ಬಿಗಿದಂಗೆ ಆಗಿ ನಿಲ್ಲುತ್ತೆ. ಮೆತ್ತಗೆ ತುಳೀಬೇಕು, ಏರು ಬಂದ್ರೆ ಇಳೀಬೇಕು. ನಾನು ಇದೆಲ್ಲಾ ಮಾಡ್ತಾ ಗ್ರೀಸ್ ಮೆತ್ಕೊಂಡು ಕೂತಿರುವಾಗ ಮೇಲಿಂದ ಒಂದು ದನಿ.

"ಯಾರ್ ಸಾಮಿ ಅದು, ಪೊದೆಯಾಗೆ ಏನ್ ಉಡುಕ್ತಿದೀರಾ?"

ಕುರಿ ಕಾಯೋ ತಾತ. ಹೆಗಲ ಮೇಲೆ ಕಂಬಳಿ, ಕೈಲಿ ಸೊಪ್ಪು ಎಳೆಯೋ ದೋಟಿ, ಹಿಂದೆ ಕುರಿ ಮೇಕೆ ಹಿಂಡು. ತೀತಾಗೆ ಹೋಗ್ಬೇಕು ಅಂತ ಮೇಷ್ಟ್ರು ಶೀಟ್ ತೆಗ್ದು ತೋರ್ಸಕ್ಕೆ ಹೋದ್ರು, ತಾತ ಅದರ ಕಡೆ ನೋಡ್ಲೂ ಇಲ್ಲ. "ಈ ಬಂಡಿ ದಾರಿ ಮುಂದಕ್ಕೆ ಅಳ್ಳಕ್ಕೆ ಬಿದ್ದೋಗೈತೆ. ಓದ್ರೆ ವಾಪಸ್ ಬತ್ತೀರಾ. ನಮ್ ಕುರಿ ಮೇಲಿಂದ ಬಳಸ್ಕಂಡ್ ಓಗ್ತವೆ, ಅಂಗೆ ಓಗಿ."

"ಗುರುತು ಏನು ತಾತ?"

"ಇಕ್ಕೆ ನೋಡ್ಕಂಡ್ ಓಗಿ. ಇಕ್ಕೆ ನಿಂತೋಯ್ತಾ, ನೀವೂ ನಿಂತ್ಕಳಿ. ತಪ್ಪೋಗೀರಾ ಅಂತ."

ನಂಬ್ತೀರೋ ಇಲ್ವೋ, ನನಗೆ ಗೊತ್ತಿರೋ ಯಾವ ಆ್ಯಪೂ ಇಷ್ಟು ಸರಿಯಾಗಿ ದಾರಿ ತೋರ್ಸಿಲ್ಲ. ಕುರಿ ಹಿಕ್ಕೆ ಬಿದ್ದಿರೋ ಜಾಡು ಗುಡ್ಡದ ಮಗ್ಗುಲನ್ನ ಅಡ್ಡಡ್ಡಕ್ಕೆ ಬಳಸ್ಕೊಂಡು ಹೋಗುತ್ತೆ, ಕುರಿಗೆ ಮೇಯೋದು ಮುಖ್ಯ, ಬೇಗ ಹೋಗಿ ಸೇರೋ ಅರ್ಜೆಂಟ್ ಇಲ್ಲ, ಹಂಗಾಗಿ ನೆಟ್ಟಗೆ ಏರಲ್ಲ, ನೆಟ್ಟಗೆ ಇಳಿಯಲ್ಲ. ಟ್ರೈಲ್ ಕಟ್ಟೋರ ಆ ಅರ್ಧದ ಲೆಕ್ಕ ಇಲ್ಲಿ ಯಾರೂ ಹೇಳ್ಕೊಡ್ದೆ ಸರಿಯಾಗಿದೆ, ನೀರು ಅಡ್ಡ ದಾಟಿ ಹೋಗಿದೆ, ಕೊರಕಲಿಲ್ಲ. ದಿನಾ ಗೊರಸು ಬೀಳೋದ್ರಿಂದ ಲಂಟಾನ ಮೊಳಕೆಗೂ ಜಾಗ ಇಲ್ಲ. ಒಂದಡಿ ಅಗಲ, ಎಡಗಡೆ ಬಂದ್ರೆ ಅನ್ನೋ ಗಿಡ, ತಂಗಡಿ ಹೂವು, ಬಲಗಡೆ ಇಳಿಜಾರು, ದೂರದಲ್ಲಿ ತೀತಾ ನೀರು. ಒಂದೇ ಗೇರಲ್ಲೂ ಆರಾಮಾಗಿ ಹೋದೆ. ಭಾಮೈದ ಮುಂದೆ ಕಿರಿಚ್ಕೊಂಡು ಹೋಗ್ತಿದ್ದ, ಕರಡಿ ಇದ್ರೂ ಹೆದ್ರಿ ಓಡ್ತಿತ್ತು. ಮೇಷ್ಟ್ರು ಮಾತ್ರ ನಿಂತು ನಿಂತು ಶೀಟ್ ನೋಡ್ಕೊಂಡ್ ಬಂದ್ರು. ಈ ಜಾಡು ಶೀಟಲ್ಲಿ ಇಲ್ಲ. "ಸರ್ವೆಯೋರು ಬಂದಾಗ ಕುರಿ ಬೇರೆ ಕಡೆ ಹೋಗಿದ್ವೇನೋ" ಅಂದ್ರು, ಒಪ್ಕೊಳ್ಳೋ ಆಸಾಮಿ ಅಲ್ಲ.

ಜಯಮಂಗಲಿಗೆ ಅಡ್ಡ ಕಟ್ಟಿರೋ ತೀತಾ ಜಲಾಶಯದ ಏರಿ ಮೇಲೆ ಕೂತು ಬುತ್ತಿ ಬಿಚ್ಚಿದ್ವಿ, ಚಿತ್ರಾನ್ನ ಬೆವರಿ ಅಂಟಂಟಾಗಿತ್ತು, ಅದೇ ರುಚಿ. ಗೊರವನಹಳ್ಳಿ ಲಕ್ಷ್ಮಿಗೆ ಹೊರಗಿಂದ್ಲೇ ಕೈ ಮುಗಿದ್ವಿ, ಸೀಲೆಂಟು, ಗ್ರೀಸು, ಕೆಮ್ಮಣ್ಣು ಮೆತ್ಕೊಂಡು ಒಳಗ್ ಹೋಗೋ ಸ್ಥಿತೀಲಿ ಯಾರೂ ಇರ್ಲಿಲ್ಲ. ಅಲ್ಲಿಂದ ಕೊರಟಗೆರೆಗೆ ಟಾರು, ಆದ್ರೆ ಟಾರ್ ಮೇಲೆ ಉದ್ದಕ್ಕೂ ರಾಗಿ ಹುಲ್ಲು ಹರಡವ್ರೆ, ಲಾರಿ ಬಸ್ಸು ಹತ್ತಿ ತುಳೀಲಿ ಅಂತ. ಹುಲ್ಲೇನು ಮೆತ್ತಗಿರುತ್ತೆ ಅಂತ ಹೋದ್ರೆ ಚಕ್ರದ ಅಚ್ಚಿಗೆ ಸುತ್ಕೊಂಡು ನಿಲ್ಸುತ್ತೆ, ಇಳ್ದು ತಳ್ಳಿದ್ವಿ. ಕಾಡಲ್ಲೂ ತಳ್ಳೋದು ಟಾರಲ್ಲೂ ತಳ್ಳೋದು. ಕಣದ ಅಜ್ಜಿ "ಸೈಕಲ್ ಇಟ್ಕಂಡು ಯಾಕಪ್ಪಾ ನಡೀತೀರಾ" ಅಂತ ನಕ್ಕಿದ್ದೇ ನಕ್ಕಿದ್ದು.

ಕೊರಟಗೆರೇಲಿ ಸೈಕಲ್ ಶಾಪಿನೋರು ಹ್ಯಾಂಗರ್ ತುಂಡು ಕೈಲಿ ಹಿಡ್ದು ಆ ಕಡೆ ಈ ಕಡೆ ತಿರುಗ್ಸಿ ನೋಡಿ, ಇದೆಲ್ಲಾ ನಮ್ಮತ್ರ ಇಲ್ಲ ಸಾರ್ ಅಂತ ವಾಪಸ್ ಕೊಟ್ಟು, ಚೈನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು ದುಡ್ಡು ಬೇಡ ಅಂದ್ರು. ಕತ್ತಲಾಗೋಷ್ಟ್ರಲ್ಲಿ ಸಿದ್ದರಬೆಟ್ಟದ ಬುಡದ ಹಳ್ಳಿ, ಮೇಷ್ಟ್ರ ಹಳೇ ಶಿಷ್ಯನ ಮನೆ. ಶಿಷ್ಯನಿಗೂ ಈಗ ತಲೆ ಬೆಳ್ಳಗಾಗಿದೆ, ಆದ್ರೂ ಮೇಷ್ಟ್ರ ಮುಂದೆ ಕುರ್ಚಿ ಮೇಲೆ ಕೂರ್ಲಿಲ್ಲ.

ಮೂರನೇ ದಿನ

ಸಿದ್ದರಬೆಟ್ಟದ ಮೇಲೆ ಗವಿಯೊಳಗೆ ಸಿದ್ದೇಶ್ವರ, ಅಲ್ಲೂ ಬತ್ತದ ನೀರು, ಬೆಟ್ಟದ ತುಂಬ ಔಷಧಿ ಗಿಡ ಅಂತ ಪ್ರಸಿದ್ಧಿ. ನಾವ್ ಹತ್ಲಿಲ್ಲ, ಮೆಟ್ಲು ನೋಡಿದ್ರೇ ತೊಡೆ ಹಿಡ್ಕೊಳ್ತು.

ಸಿ.ಎನ್.ದುರ್ಗದ, ಅಂದ್ರೆ ಚನ್ನರಾಯನದುರ್ಗದ ಕಡೆ ಹೊರಟು ಸ್ವಲ್ಪ ಹೊತ್ತಿಗೆ ಮೇಷ್ಟ್ರ ಗೆರೆ ಒಂದು ಕಲ್ಲು ಕಂಬದ ತಂತಿ ಬೇಲಿಗೆ ಹೋಗಿ ಗುದ್ದಿ ನಿಂತ್ಕೊಳ್ತು. ಬೇಲಿ ಆಚೆ ಅಡಿಕೆ ಸಸಿ. ಹೊಲದಲ್ಲಿದ್ದ ಹೆಂಗಸು ಬಂದು, "ಇದು ನಕಾಶೆ ಕಂಡ ದಾರಿನೇ ಸಾ, ನಮ್ ಮಾವನೋರ ಕಾಲದಿಂದ ಓಡಾಡಿದ್ದು. ಯಾರೂ ಓಡಾಡಲ್ಲ ಅಂತ ಮುಚ್ಕಂಡವ್ರೆ. ತಾಲೂಕಾಪೀಸಿಗೆ ಅರ್ಜಿ ಕೊಟ್ಟಿದೀವಿ" ಅಂದ್ರು. ಈ ನಕಾಶೆ ದಾರಿ ಜಗಳ ಗೊತ್ತಿಲ್ದಿರೋ ಹಳ್ಳಿ ನಮ್ ಕಡೆ ಇಲ್ಲ. ಗ್ರಾಮ ನಕ್ಷೇಲಿ ಬಂಡಿದಾರಿ ಅಂತ ಇರುತ್ತೆ, ನೆಲದ ಮೇಲೆ ಒಬ್ಬನ ಬದು ಇನ್ನೊಬ್ಬನ ಬೇಲಿ ತಿಂದು ತಿಂದು ದನ ದಾಟಕ್ಕೂ ಜಾಗ ಇರಲ್ಲ, ಹಿಂದಿನ ಹೊಲದೋರು ಗೊಬ್ಬರ ತಲೆ ಮೇಲೆ ಹೊರ್ಬೇಕು. ನಮಗೆ ಸೈಕಲ್ ಶೋಕಿ, ಅವ್ರಿಗೆ ರಾಗಿ ಮನೆಗೆ ಬರೋ ಪ್ರಶ್ನೆ. ಮೇಷ್ಟ್ರು ಬಿಸಿಲಲ್ಲಿ ನಿಂತು ಆಯಮ್ಮನಿಗೆ ಅರ್ಜಿ ಜೊತೆ ಗ್ರಾಮ ನಕ್ಷೆ ನಕಲು ಇಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಿ ಅಂತೆಲ್ಲಾ ಹೇಳ್ಕೊಟ್ರು. ನಾವು ಅವ್ರ ಅವರೆ ಹೊಲದ ಬದುವಿನ ಮೇಲೆ, ಅವ್ರೇ ಮುಂದೆ ನಡೆದು ತೋರ್ಸಿದ್ ಕಡೆ, ಸೈಕಲ್ ಎತ್ಕೊಂಡು ದಾಟಿದ್ವಿ. ಶೀಟಿನ ಗೆರೆ ಪಕ್ಕ ಪೆನ್ಸಿಲ್ ಗುರುತು ಏನೂ ಹಾಕ್ಲಿಲ್ಲ ಮೇಷ್ಟ್ರು. ನಾನೂ ಕೆಣಕ್ಲಿಲ್ಲ.

ಅಲ್ಲಿಂದ ಮುಂದೆ ಬಂಡೆ. ರಾಮನಗರ, ಮಾಗಡಿ ಕಡೆಯಿಂದ ಮಧುಗಿರಿ, ಪಾವಗಡ ದಾಟಿ ಹೋಗೋ ಗ್ರಾನೈಟ್ ಪಟ್ಟಿ ಇದು, ಭೂವಿಜ್ಞಾನದೋರು ರಾಮನಗರದ ಹಳೇ ಹೆಸ್ರಲ್ಲೇ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ಸುಮಾರು 250 ಕೋಟಿ ವರ್ಷ ಹಳೇದು. ಸೈಕಲ್ಲಿನೋರಿಗೆ ಇದರಲ್ಲಿ ಗೊತ್ತಿರ್ಬೇಕಾದ್ದು ಎರಡೇ ಎರಡು. ಒಣಗಿದ ಹಾಸುಬಂಡೆ ಮೇಲೆ ಟೈರು ಹಿಡ್ಯೋ ಹಿಡ್ತ ಇನ್ಯಾವ ನೆಲದಲ್ಲೂ ಸಿಗಲ್ಲ, ಗಾಳಿ 20 ಪಿಎಸ್ಐ ಹತ್ರ ಇಳಿಸಿದ್ರೆ ನೋಡಕ್ಕೆ ಹೆದರಿಕೆ ಆಗೋ ಇಳಿಜಾರನ್ನೂ ಆರಾಮಾಗಿ ಇಳೀಬೋದು. ಆದ್ರೆ ಈ ಕಲ್ಲಿನ ಹರಳು ದಪ್ಪ, ಬಿಸಿಲು ಮಳೆಗೆ ಹರಳು ಹರಳಾಗೇ ಉದುರುತ್ತೆ, ಉದುರಿದ್ದು ಬಂಡೆ ಮೇಲೇ ತೆಳ್ಳಗೆ ಹರಡಿರುತ್ತೆ, ಅದರ ಮೇಲೆ ಬ್ರೇಕ್ ಹಿಡಿದ್ರೆ ಚೆಲ್ಲಿದ ರಾಗಿ ಮೇಲೆ ಕಾಲಿಟ್ಟಂಗೆ. ಬಂಡೆ ಮೇಲೆ ನೀರು ಸೋರಿ ಕರಿ ಪಟ್ಟೆ ಇರೋ ಕಡೆಯಂತೂ ಪಾಚಿ, ಚಕ್ರ ಇಡೋದೇ ಬೇಡ. ಬ್ರೇಕ್ ಏನಿದ್ರೂ ಬೋಳು ಬಂಡೆ ಮೇಲೇ ಹಿಡ್ದು ಮುಗಿಸ್ಬೇಕು, ನೊರಜು ಬಂದಾಗ ಬಿಟ್ಬಿಡ್ಬೇಕು. ಭಾಮೈದನಿಗೆ ಇದನ್ನ ಬಾಯಲ್ಲಿ ಹೇಳ್ದೆ, ಬಂಡೆ ಇನ್ನೂ ಚೆನ್ನಾಗಿ ಹೇಳ್ತು, ಮೊಣಕೈ ಚರ್ಮ ಒಂದಷ್ಟು ಅಲ್ಲೇ ಬಿಟ್ ಬಂದ. "ಭಾವ, ಅಕ್ಕನಿಗೆ ಹೇಳ್ಬೇಡಿ" ಅಂದ. ಅಂಗಿ ತೋಳು ಇಳ್ಸ್ಕೋ ಅಂದೆ.

ಚನ್ನರಾಯನದುರ್ಗದ ಕೋಟೆ ಗೋಡೆ ಬೆಟ್ಟದ ಮೇಲೆ ಕಾಣ್ತಾ ಇರೋವಾಗ ಕೆಳಗಿನ ಊರಲ್ಲಿ ಟೀ. ಮಧುಗಿರಿ ಕಡೆ ಕೊನೇ ಜಾಡು ಕ್ರಷರ್ ಲಾರಿ ಓಡಾಡೋ ರೋಡಾಗಿತ್ತು, ಪಾದ ಮುಳುಗೋ ಬಿಳೀ ಧೂಳು, ಕೆಳಗೆ ಎಲ್ಲಿ ಗುಂಡಿ ಎಲ್ಲಿ ಕಲ್ಲು ಕಾಣಲ್ಲ, ಟಿಪ್ಪರ್ ಬಂದಾಗೆಲ್ಲ ಉಸಿರು ಹಿಡ್ಕೊಂಡು ಬೇಲಿಗೆ ಒರಗಿ ನಿಲ್ಲೋದು. ಇದರ ಬಗ್ಗೆ ಇಷ್ಟೇ ಸಾಕು. ಧೂಳು ಆರಿದಾಗ ಎದುರಿಗೆ ಮಧುಗಿರಿ ಬೆಟ್ಟ ನಿಂತಿತ್ತು, ಒಂದೇ ಕಲ್ಲು, ಪಕ್ಕದಲ್ಲಿ ಕೋಟೆ ಗೋಡೆ ಹತ್ಕೊಂಡು ಹೋಗಿರೋದು. ಎಷ್ಟು ಸಲ ನೋಡಿದ್ರೂ ಇಷ್ಟು ದೊಡ್ಡದು ಅಂತ ನೆನಪಿರಲ್ಲ.

ಮೇಷ್ಟ್ರ ಮನೇಲಿ ಅವ್ರ ಮನೆಯವ್ರು ನಮ್ಮನ್ನ ನೋಡಿ ಬಾಗ್ಲಲ್ಲೇ ನಿಲ್ಸಿ ಹಿತ್ಲಿಗೆ ಕಳ್ಸಿದ್ರು, ಬಚ್ಚಲ ಒಲೆಗೆ ಬೆಂಕಿ ಹಾಕಿದ್ರು. ಊಟ ಮಾಡ್ಕೊಂಡು ಬಸ್‌ಸ್ಟ್ಯಾಂಡಿಗೆ ಬಂದ್ರೆ ಕಂಡಕ್ಟರು ಸೈಕಲ್ ಒಳಗೆ ಬೇಡ, ಮೇಲೆ ಹಾಕಿ, ಒಂದಕ್ಕೆ ಒಂದಾಳಿನ ಚಾರ್ಜು ಅಂದ್ರು. ಭಾಮೈದ ಅವನ ಸೈಕಲ್ ಪಕ್ಕ ತಾನೂ ಮೇಲೆ ಕೂರ್ತೀನಿ ಅಂದ, ಹಂಗೆಲ್ಲಾ ಬಿಡಲ್ಲ ಅಂದ್ರು, ಹಗ್ಗ ಎರಡು ಸುತ್ತು ಜಾಸ್ತಿ ಬಿಗಿದು ಕೊರಟಗೆರೆ ತನಕ ಕಿಟಕಿಯಿಂದ ಕತ್ತು ಹೊರಗಾಕಿ ಮೇಲೆ ನೋಡ್ತಾನೇ ಬಂದ.

ಹ್ಯಾಂಗರ್ ಆರ್ಡರ್ ಹಾಕಿದೀನಿ, ಈ ಸಲ ಎರಡು. ನಿನ್ನೆ ಮೇಷ್ಟ್ರ ಫೋನು, ಮಿಡಿಗೇಶಿ ಕಡೆಯ ಶೀಟ್ ಸಿಕ್ಕಿದೆಯಂತೆ, ಗೆರೆಗಳು ಜಾಸ್ತಿ ಇವೆಯಂತೆ. ಅಲ್ಲಿ ಕುರಿ ಹಿಂಡು ಯಾವ ಕಡೆ ಮೇಯುತ್ತೆ ಅಂತ ಮೊದ್ಲು ವಿಚಾರ್ಸಿ ಸಾರ್, ಆಮೇಲೆ ಡೇಟ್ ನೋಡೋಣ ಅಂದೆ.